ಕಾಫಿ ಕಣಕ್ಕೆ ನಾಲ್ಕು ಕ್ಯಾಮೆರಾದ ಸೆಟ್: ಹಾಸನದ ಅಂಗಡಿಯಲ್ಲಿ ಏನು ನೋಡಿ ಕೊಳ್ಳಬೇಕು

2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಕಣದಲ್ಲಿ ಹರಡಿದ ಕಾಫಿಗೆ ಅಷ್ಟು ಬೆಲೆ ಬಂದ ಮೇಲೆ ಸಕಲೇಶಪುರ, ಬೇಲೂರು ಕಡೆಯ ತೋಟದವರು ಕ್ಯಾಮೆರಾ ಕೇಳುವುದು ಸಹಜ. ಅಂಗಡಿಯವರು ಸಾಮಾನ್ಯವಾಗಿ ತೋರಿಸುವ ಸೆಟ್ ಹೀಗಿರುತ್ತದೆ: ನಾಲ್ಕು 2 ಮೆಗಾಪಿಕ್ಸೆಲ್ ಐಪಿ (ನೆಟ್‌ವರ್ಕ್) ಬುಲೆಟ್ ಕ್ಯಾಮೆರಾ, ನಾಲ್ಕು ಚಾನೆಲ್‌ನ ಪಿಒಇ ಎನ್‌ವಿಆರ್ (ಒಂದೇ ಕೇಬಲ್‌ನಲ್ಲಿ ಕ್ಯಾಮೆರಾಗೆ ಕರೆಂಟೂ ಕೊಟ್ಟು ಚಿತ್ರ ದಾಖಲಿಸಿಕೊಳ್ಳುವ ಪೆಟ್ಟಿಗೆ), 1 ಟಿಬಿ ಹಾರ್ಡ್ ಡಿಸ್ಕ್, ಒಂದು ಬಂಡಲ್ ಕೇಬಲ್.

ಚಿತ್ರಕ್ಕೆ ತಕರಾರಿಲ್ಲ. ಆದರೆ 4 ಎಂಎಂ ಲೆನ್ಸ್‌ನಲ್ಲಿ ಪರಿಚಯದವರ ಮುಖ ಗುರುತು ಸಿಗುವುದು ಸುಮಾರು 8 ಮೀಟರ್‌ವರೆಗೆ. ಅದರಾಚೆ ‘ಯಾರೋ ಬಂದರು’ ಅಷ್ಟೇ. ಡಬ್ಬಿಯ ಮೇಲೆ ‘ರಾತ್ರಿ 30 ಮೀಟರ್’ ಎಂದಿದ್ದರೆ ಅದು ಇನ್ಫ್ರಾರೆಡ್ ಬೆಳಕು ಹೋಗುವ ದೂರ, ಮುಖ ಕಾಣುವ ದೂರವಲ್ಲ. ಹಾಗಾಗಿ ಒಂದು ಕ್ಯಾಮೆರಾ ಗೋದಾಮಿನ ಬಾಗಿಲಿಗೇ ಮುಖ ಮಾಡಿರಲಿ.

ಒಂದೇ ಥರ ಕಾಣುವ ಎರಡು ಸೆಟ್‌ಗೆ ಎರಡು ಬೆಲೆ ಹೇಳಿದರೆ ಮೊದಲು ಪ್ರಮಾಣಪತ್ರ ಕೇಳಿ. 2025ರ ಏಪ್ರಿಲ್ 9ರಿಂದ ನೆಟ್‌ವರ್ಕ್ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಪರೀಕ್ಷೆ ಕಡ್ಡಾಯ. ಎನ್‌ಕ್ರಿಪ್ಷನ್ ಇದೆಯೇ, ಬೋರ್ಡ್ ಮೇಲಿನ ಡೀಬಗ್ ಪೋರ್ಟ್ (ತಯಾರಕರು ಒಳಹೊಕ್ಕು ಪರೀಕ್ಷಿಸುವ ಕಿಂಡಿ) ಮುಚ್ಚಿದೆಯೇ, ಚಿಪ್ ಎಲ್ಲಿಂದ ಬಂತು ಎಂಬುದೆಲ್ಲ ಅದರಲ್ಲಿ ಸೇರಿದೆ. ಬರೀ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯ ಆರ್-ನಂಬರ್ ತೋರಿಸಿ ಸಾಗಹಾಕಿದರೆ ಒಪ್ಪಬೇಡಿ. ಅದು ಮುಖ್ಯವಾಗಿ ವಿದ್ಯುತ್ ಸುರಕ್ಷತೆಗೆ. ಆ ಸೈಬರ್ ಪರೀಕ್ಷೆಗೆ ಕೇಂದ್ರದ ಎಸ್‌ಟಿಕ್ಯೂಸಿ ಸಂಸ್ಥೆ ಕೊಡುವ ಪ್ರಮಾಣಪತ್ರದಲ್ಲಿರುವ ಮಾಡೆಲ್ ನಂಬರನ್ನೂ ಕ್ಯಾಮೆರಾದ ತಳದ ಸ್ಟಿಕ್ಕರನ್ನೂ ಅಕ್ಷರ ಬಿಡದೆ ತಾಳೆ ನೋಡಿ. ಕೊನೆಯ ಒಂದು ಅಕ್ಷರ ಬೇರೆಯಾದರೂ ಮಾಲು ಬೇರೆಯೇ ಇರಬಹುದು.

ಅಮೆರಿಕ–ಚೀನಾ ಜಗಳದ ಬಿಸಿ ಸ್ಕ್ರೂ ಬಿಚ್ಚಿದರೆ ಒಳಗೂ ತಟ್ಟುತ್ತದೆ. 2018ರಲ್ಲಿ ಅಮೆರಿಕ ತನ್ನ ಸರ್ಕಾರಿ ಖರೀದಿಯಿಂದ ಚೀನಾದ ಕ್ಯಾಮೆರಾ ತಯಾರಕರಾದ ಹಿಕ್‌ವಿಷನ್, ದಾಹುವಾ ಕಂಪನಿಗಳನ್ನು ಹೊರಗಿಡುವ ಕಾನೂನು ಮಾಡಿತು. ಮರುವರ್ಷ ರಫ್ತು ನಿರ್ಬಂಧದ ಪಟ್ಟಿಗೂ ಸೇರಿಸಿತು. 2020ರ ಕೊನೆಗೆ ಚೀನಾ ಸೇನೆಯ ನಂಟಿದೆಯೆಂದು ಅಮೆರಿಕ ಪಟ್ಟಿ ಮಾಡಿದ, ಹಿಕ್‌ವಿಷನ್ ಸೇರಿದಂತಹ ಕಂಪನಿಗಳಿಗೆ ಅಮೆರಿಕದ ಹಣವೇ ಹೋಗಬಾರದೆಂಬ ಆದೇಶ ಬಂತು. ಷೇರು ಸೂಚ್ಯಂಕ ತಯಾರಿಸುವ ಲಂಡನ್ನಿನ ಎಫ್‌ಟಿಎಸ್‌ಇ ರಸೆಲ್ ತನ್ನ ಸೂಚ್ಯಂಕಗಳಿಂದ ಹಿಕ್‌ವಿಷನ್ ಷೇರನ್ನು ತೆಗೆದುಹಾಕಿತು. ಆ ಸೂಚ್ಯಂಕ ನೋಡಿ ಹಣ ಹೂಡುವ ಫಂಡ್‌ಗಳು ಷೇರು ಮಾರಲೇಬೇಕು. ಕಂಪನಿಗೆ ಲಾಭವಿದೆಯೋ ಇಲ್ಲವೋ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಗಿರಾಕಿಗೆ ನೇರವಾಗಿ ತಟ್ಟಿದ್ದು ಚಿಪ್. ಬಹುಪಾಲು ಐಪಿ ಕ್ಯಾಮೆರಾಗಳಲ್ಲಿ ಮೊದಲು ಇದ್ದದ್ದು ಚೀನಾದ ಹುವಾವೆ ಕಂಪನಿಯ ಹೈಸಿಲಿಕಾನ್ ಚಿಪ್. ಅಮೆರಿಕದ ನಿಯಮದಿಂದ 2020ರ ಸೆಪ್ಟೆಂಬರ್‌ನಲ್ಲಿ ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿ ಹುವಾವೆಗೆ ಚಿಪ್ ಕೊಡುವುದನ್ನು ನಿಲ್ಲಿಸಿತು. ದಾಸ್ತಾನು ಮುಗಿಯುತ್ತ ಬಂದಂತೆ ತೈವಾನಿನ ನೋವಾಟೆಕ್‌ನಂಥವು ಆ ಜಾಗಕ್ಕೆ ಬಂದವು. ಹೀಗಾಗಿ ಒಂದೇ ಮಾಡೆಲ್ ಹೆಸರಿನ ಎರಡು ಕ್ಯಾಮೆರಾಗಳಲ್ಲಿ ಎರಡು ಚಿಪ್ ಇರುವುದುಂಟು. ಒಂದರ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಇನ್ನೊಂದಕ್ಕೆ ಹಾಕಿದರೆ ಕ್ಯಾಮೆರಾ ಮತ್ತೆ ಮೇಲೇಳದಿರಬಹುದು. ಸ್ಟಿಕ್ಕರ್‌ನ ಹಾರ್ಡ್‌ವೇರ್ ವರ್ಷನ್ ಬರೆದಿಟ್ಟುಕೊಂಡು ಅದಕ್ಕೆ ಹೊಂದುವ ಫೈಲನ್ನೇ ಹಾಕಿ. ಅಪ್‌ಡೇಟ್ ಬೇಡವೆಂದು ಬಿಡುವಂತೆಯೂ ಇಲ್ಲ: 2021ರಲ್ಲಿ ಹಿಕ್‌ವಿಷನ್‌ನಲ್ಲಿ ಸಿಕ್ಕಿದ, ಪಾಸ್‌ವರ್ಡ್ ಇಲ್ಲದೆ ಒಳನುಗ್ಗಬಹುದಾದ ದೋಷಕ್ಕೆ ಹತ್ತರಲ್ಲಿ 9.8ರ ಅಪಾಯದ ಅಂಕ ಬಿದ್ದಿತ್ತು.

ತೋಟದಲ್ಲಿ 4ಜಿ ಸಿಮ್ ರೂಟರ್ ಇದ್ದರೆ ಸಾಮಾನ್ಯವಾಗಿ ಹೊರಗಿನಿಂದ ನೇರ ಸಂಪರ್ಕ ಸಿಗುವುದಿಲ್ಲ. ಆ್ಯಪ್ ನಡೆಯುವುದು ಕ್ಯಾಮೆರಾವನ್ನೂ ಫೋನನ್ನೂ ಜೋಡಿಸುವ ಕಂಪನಿಯ ಪಿ2ಪಿ ಸರ್ವರ್ ಮೂಲಕ. ಆ ಸರ್ವರ್ ಯಾವ ದೇಶದಲ್ಲಿದೆ ಎಂದು ಬಿಲ್‌ನ ಜೊತೆ ಬರೆಸಿಕೊಳ್ಳಿ. ಊರಲ್ಲಿ ಫೈಬರ್ ಇದ್ದವರು ಹೊರಗಿನವರಿಗೆ ರೂಟರ್‌ನಲ್ಲಿ ದಾರಿ ತೆರೆಯುವ ಯುಪಿಎನ್‌ಪಿ ಮತ್ತು ಪೋರ್ಟ್ ಫಾರ್ವರ್ಡಿಂಗ್ ಎರಡನ್ನೂ ಮುಚ್ಚಲಿ.

ಸೆಟ್‌ನಲ್ಲಿ ನಮಗೆ ಒಂದಿಷ್ಟೂ ಹಿಡಿಸದ್ದು ಕೇಬಲ್. ಹಗಲು ಚೆನ್ನಾಗಿದ್ದ ಕ್ಯಾಮೆರಾ ಕತ್ತಲಾಗುತ್ತಲೇ ಆಫ್ ಆಗಿ ಆನ್ ಆಗುತ್ತಿದ್ದರೆ ತಪ್ಪು ಹೆಚ್ಚಾಗಿ ವೈರಿನದು. ಇನ್ಫ್ರಾರೆಡ್ ದೀಪ ಹತ್ತಿದಾಗ ಕರೆಂಟ್ ಹೆಚ್ಚು ಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಯಲ್ಲಿ ವೋಲ್ಟೇಜ್ ದಾರಿಯಲ್ಲೇ ಕುಸಿಯುತ್ತದೆ. ತಂತಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ: ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಅಪ್ಪಟ ತಾಮ್ರದ ಕ್ಯಾಟ್-6 ಆದರೂ ಮಿತಿ 100 ಮೀಟರ್. ಕಣದಿಂದ ಬಂಗಲೆಗೆ ಅದಕ್ಕಿಂತ ದೂರವಿದ್ದರೆ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನೂ ತಾಮ್ರದ ಕೇಬಲ್‌ನ ಸಂಕೇತವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಡಬ್ಬಿ) ಹಾಕಿಸಿ. ಮಲೆನಾಡಿನ ಸಿಡಿಲಿಗೂ ಇದೇ ಮದ್ದು. ಮರದಿಂದ ಮರಕ್ಕೆ ಎಳೆದ ತಾಮ್ರದ ತಂತಿ ಸಿಡಿಲಿನ ಏಟನ್ನು ಎನ್‌ವಿಆರ್‌ಗೆ ತಂದು ಮುಟ್ಟಿಸುತ್ತದೆ.

1 ಟಿಬಿ ಡಿಸ್ಕ್ ಸಾಲದು. ಒಂದು ಕ್ಯಾಮೆರಾ 2 ಎಂಬಿಪಿಎಸ್ ವೇಗದಲ್ಲಿ ದಿನಕ್ಕೆ ಸುಮಾರು 21.6 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 86 ಜಿಬಿ. ಹನ್ನೊಂದು ದಿನಕ್ಕೇ ಹಳೆಯದು ಅಳಿಸಿಹೋಗುತ್ತದೆ. ಮೂಟೆ ಕಮ್ಮಿಯಾದದ್ದು ಕ್ಯೂರಿಂಗ್‌ಗೆ (ಸಿಪ್ಪೆ ಬಿಡಿಸಿ ಹದಮಾಡುವ ಕಾರ್ಖಾನೆಗೆ) ಕಳಿಸುವಾಗಲೇ ಗೊತ್ತಾಗುವ ಕಡೆ 4 ಟಿಬಿ ಇರಲಿ, ಅದೂ ಕ್ಯಾಮೆರಾ ಕೆಲಸಕ್ಕೆಂದೇ ಮಾಡಿದ ಡಿಸ್ಕ್.

ಪೊಲೀಸ್ ದೂರು ಕೊಡುವವರಿಗೆ ಇನ್ನೊಂದು ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಫುಟೇಜ್ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಷ್ ಮೌಲ್ಯವೂ (ಫೈಲ್ ಕೊಂಚ ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ಇರಬೇಕು. ಎನ್‌ವಿಆರ್‌ನ ಗಡಿಯಾರ ತಪ್ಪಿದ್ದರೆ ಎದುರು ಪಾರ್ಟಿಯ ವಕೀಲರು ಮೊದಲು ಹಿಡಿಯುವುದು ಅದನ್ನೇ. ಭದ್ರತೆಗೆಂದು ಇಂಟರ್ನೆಟ್ ಪೂರ್ತಿ ಕಿತ್ತಿಟ್ಟವರ ಎನ್‌ವಿಆರ್ ಸಮಯವನ್ನು ತಾನೇ ಸರಿಮಾಡಿಕೊಳ್ಳಲಾರದು. ಅಂಥವರು ತಿಂಗಳಿಗೊಮ್ಮೆ ಕೈಯಲ್ಲೇ ಹೊಂದಿಸಬೇಕು.