ಉಪ್ಪುಗಾಳಿಯ ಊರಿನಲ್ಲಿ ಸ್ಕೇಟ್‌ಬೋರ್ಡ್ ಬೇರಿಂಗ್ ತೊಳೆಯುವ ಬಾಟಲಿ: ದೀರ್ಘಕಾಲದ ಬಳಕೆಯ ನಂತರ

ಸ್ಕೇಟ್‌ಬೋರ್ಡಿನ ಚಕ್ರದೊಳಗೆ ಕೂತು ಅದನ್ನು ಸಲೀಸಾಗಿ ತಿರುಗಿಸುವ, ಗುಂಡುಗಳಿರುವ ಉಕ್ಕಿನ ಉಂಗುರವೇ ಬೇರಿಂಗ್. ಅದನ್ನು ತೊಳೆಯುವ ಬಾಟಲಿಗೆ ಹಣ ಹಾಕಬಹುದೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಕಾಸರಗೋಡಿನಂಥ ಕರಾವಳಿಯಲ್ಲಿದ್ದರೆ ಖಂಡಿತ ಕೊಳ್ಳಿ. ಜೊತೆಗೆ ಕೊಡುವ ನೀರು ಬೆರೆಸುವ ದ್ರಾವಣವನ್ನು ಮಾತ್ರ ಬಳಸಬೇಡಿ. ತೆಳು ಎಣ್ಣೆಯನ್ನು ಬೇಸಿಗೆಗೆ ಇಟ್ಟುಕೊಳ್ಳಿ, ಮಳೆಗಾಲಕ್ಕೆ ಗ್ರೀಸ್ ಹಚ್ಚಿ. ಇಷ್ಟು ಹೇಳಿದರೆ ನಂಬುವವರು ಕಡಿಮೆ. ಏಕೆಂದರೆ ನಾವು ನೋಡುವ ಸಲಹೆಗಳೆಲ್ಲ ಒಣ ಹವೆಯ ಊರುಗಳಿಂದ ಬರುತ್ತವೆ, ಅಲ್ಲಿ ಎಲ್ಲರ ಚಿಂತೆಯೂ ವೇಗದ್ದು. ನಮ್ಮಲ್ಲಿ ಬೇರಿಂಗನ್ನು ಕೊಲ್ಲುವುದು ತುಕ್ಕು. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಮನೆ ಕುಂಬಳೆಯಿಂದ ಕಡಲಿನ ಕಡೆಗೆ. ಅಕ್ಕನ ಮನೆ ಬದಿಯಡ್ಕದ ಒಳಗೆ, ಅಡಿಕೆ ತೋಟದ ನಡುವೆ. ಅವಳ ಇಬ್ಬರು ಮಕ್ಕಳ ಬೋರ್ಡುಗಳನ್ನೂ ನನ್ನದನ್ನೂ ನಾನೇ ನೋಡಿಕೊಳ್ಳುತ್ತೇನೆ. ಆದ್ದರಿಂದ ಒಂದೇ ಬಾಟಲಿ, ಒಂದೇ ಎಣ್ಣೆಯನ್ನು ಎರಡು ಬೇರೆ ಬೇರೆ ಶತ್ರುಗಳ ಎದುರು ನೋಡುವ ಅವಕಾಶ ಸಿಕ್ಕಿತು. ಇಲ್ಲಿ ಉಪ್ಪು, ಅಲ್ಲಿ ಕೆಂಪು ಧೂಳು.

ಬಾಟಲಿಯ ರಚನೆ ಸರಳ. ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿ, ತಿರುಪಿನ ಮುಚ್ಚಳ, ಮುಚ್ಚಳದ ಒಳಮೈಯಿಂದ ಕೆಳಗಿಳಿದ ಒಂದು ಕಡ್ಡಿ. ಆ ಕಡ್ಡಿಗೆ ಬೇರಿಂಗುಗಳನ್ನು ಒಂದರ ಮೇಲೊಂದು ಪೋಣಿಸಿ, ನಡುನಡುವೆ ಅಂತರ ಬಿಡಿಸುವ ಸಣ್ಣ ಸ್ಪೇಸರ್ ಇಟ್ಟು, ಕೊನೆಗೆ ನಟ್ ಬಿಗಿಯಬೇಕು. ಒಂದು ಬೋರ್ಡಿನ ಎಂಟೂ ಬೇರಿಂಗುಗಳು ಒಮ್ಮೆಗೆ ಹಿಡಿಸುತ್ತವೆ. ದ್ರಾವಣ ತುಂಬಿ ಕುಲುಕಿದರೆ ಸ್ಪೇಸರಿನ ಸಂದಿಯಿಂದ ದ್ರಾವಣ ಪ್ರತಿ ಬೇರಿಂಗಿನ ಒಳಗೂ ನುಗ್ಗಿ ಹೊರಬರುತ್ತದೆ. ಹಳೆಯ ಟಿಫಿನ್ ಡಬ್ಬಿಯಲ್ಲಿ ನೆನೆಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಡಬ್ಬಿಯಲ್ಲಿ ಕೊಳೆ ತಳಕ್ಕೆ ಕೂರುತ್ತದೆ, ಬೇರಿಂಗುಗಳೂ ಅದೇ ತಳದಲ್ಲಿ ಮಲಗಿರುತ್ತವೆ. ಒಂದರಿಂದ ಬಿಟ್ಟ ಮರಳು ಇನ್ನೊಂದಕ್ಕೆ ಸೇರುತ್ತದೆ. ಬಾಟಲಿಯಲ್ಲಿ ಬೇರಿಂಗುಗಳು ತಳದಿಂದ ಮೇಲೆ ನಿಂತಿರುತ್ತವೆ, ಮುಚ್ಚಳ ಭದ್ರವಾಗಿರುವುದರಿಂದ ಆವಿ ಹಾರುವುದಿಲ್ಲ, ದ್ರಾವಣವೂ ಸ್ವಲ್ಪವೇ ಸಾಕು. ಇಂಥ ಬಾಟಲಿಗಳನ್ನು ಹಲವು ಕಂಪನಿಗಳು ಮಾರುತ್ತವೆ, ವ್ಯವಸ್ಥೆ ಹೆಚ್ಚುಕಡಿಮೆ ಒಂದೇ.

ಬೇರಿಂಗುಗಳ ವಿಷಯ ಸ್ವಲ್ಪ. ಸ್ಕೇಟ್‌ಬೋರ್ಡಿಗೆ ಬಳಸುವುದು 608 ಅಳತೆಯದು. ಒಳತೂತು 8 ಮಿಲಿಮೀಟರ್, ಹೊರಸುತ್ತು 22, ದಪ್ಪ 7. ಸಾಮಾನ್ಯವಾಗಿ ಒಳಗೆ ಏಳು ಉಕ್ಕಿನ ಗುಂಡುಗಳು. ನಾವು ಮೂವರೂ ಬಳಸುವುದು ಬೋನ್ಸ್ ಕಂಪನಿಯ ರೆಡ್ಸ್ ಬೇರಿಂಗ್. ನನಗೆ ಅದು ಇಷ್ಟವಾಗಲು ಕಾರಣ ತೊಳೆಯುವ ಸುಲಭ. ಒಂದೇ ಬದಿಗೆ ರಬ್ಬರಿನ ಮುಚ್ಚಳವಿದೆ, ಗುಂಡುಪಿನ್ನಿನ ತುದಿಯಿಂದ ಮೆಲ್ಲನೆ ಎತ್ತಿದರೆ ಬಿಟ್ಟುಬರುತ್ತದೆ. ಕಾರ್ಖಾನೆಯಲ್ಲಿ ಒತ್ತಿ ಕೂರಿಸಿದ ತಗಡಿನ ಮುಚ್ಚಳವಿರುವ ಬೇರಿಂಗುಗಳನ್ನು ಹೀಗೆ ತೆರೆಯಲಾಗುವುದಿಲ್ಲ. ತಗಡು ಸೊಟ್ಟಗಾದರೆ ಮತ್ತೆ ಕೂರುವುದಿಲ್ಲ. ಅಂಥ ಬೇರಿಂಗ್ ಇರುವವರಿಗೆ ಈ ಬಾಟಲಿಯಿಂದ ಅರ್ಧ ಪ್ರಯೋಜನವೇ. ಎಬೆಕ್ 7, ಎಬೆಕ್ 9 ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದನ್ನು ನೋಡಿ ಹೆಚ್ಚು ಹಣ ಕೊಡಬೇಡಿ. ಆ ಸಂಖ್ಯೆ ಅಳತೆಯ ನಿಖರತೆಯನ್ನು ಮಾತ್ರ ಹೇಳುತ್ತದೆ. ಉಕ್ಕು ಎಂಥದ್ದು, ಪಕ್ಕದಿಂದ ಬೀಳುವ ಹೊಡೆತವನ್ನು ಎಷ್ಟು ತಾಳುತ್ತದೆ ಎಂಬುದರ ಬಗ್ಗೆ ಅದರಲ್ಲಿ ಏನೂ ಇಲ್ಲ.

ಈಗ ಉಪ್ಪಿನ ಮಾತು. ಇಷ್ಟು ಉದ್ದಕ್ಕೆ ಬರೆಯಲು ಕೂತದ್ದೇ ಇದಕ್ಕಾಗಿ. ಮಳೆಯಲ್ಲಿ ಬೋರ್ಡ್ ಒಯ್ಯದಿದ್ದರೆ ಸಾಕು, ತುಕ್ಕು ಹಿಡಿಯುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಕಡಲ ಬದಿಯಲ್ಲಿ ಅದು ನಿಜವಲ್ಲ. ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ಉಪ್ಪಿನ ಹರಳು ತಾನೇ ನೀರು ಹೀರಿ ಕರಗುತ್ತದೆ. ಅಡುಗೆಮನೆಯ ಉಪ್ಪಿನ ಭರಣಿ ಜೂನ್ ತಿಂಗಳಲ್ಲಿ ಒದ್ದೆಯಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಕಡಲ ಗಾಳಿ ತಂದ ಉಪ್ಪು ಬೇರಿಂಗಿನೊಳಗೆ ಒಂದಿಷ್ಟು ಸೇರಿದ್ದರೂ ಸಾಕು, ಜಗಲಿಯ ಮೂಲೆಯಲ್ಲಿ ಒಣಗಿ ಕೂತ ಬೋರ್ಡಿಗೂ ಒಳಗಿನಿಂದ ತುಕ್ಕು ಹಿಡಿಯುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿ ಒಣಗುವುದೆಂಬುದೇ ಅಪರೂಪ.

ಒಂದು ಮಳೆಗಾಲ ಮುಗಿದ ಮೇಲೆ, ಬಿಚ್ಚದೆ ಇಟ್ಟಿದ್ದ ಹಳೆಯ ಚಕ್ರವೊಂದರ ಬೇರಿಂಗ್ ತೆರೆದು ಭೂತಗನ್ನಡಿಯಲ್ಲಿ ನೋಡಿದೆ. ರಬ್ಬರ್ ಮುಚ್ಚಳದ ಒಳಬದಿಯಲ್ಲಿ ಕಪ್ಪು ಮಡ್ಡಿ, ಅದರ ಅಂಚಿನಲ್ಲಿ ಕಂದು ಬಣ್ಣದ ಗೆರೆ. ಮಡ್ಡಿ ತೊಳೆದ ಮೇಲೆ ಒಳಗಿನ ಉಂಗುರದ ಓಡುಹಾದಿ ಬಹುಪಾಲು ಹೊಳೆಯುತ್ತಿತ್ತು. ಆದರೆ ಸಮಾನ ದೂರದಲ್ಲಿ ಏಳು ಕಂದು ಚುಕ್ಕೆಗಳು ಕಂಡವು. ಗುಂಡು ನಿಂತಲ್ಲೆಲ್ಲ ಒಂದೊಂದು. ಗುಂಡು ಮತ್ತು ಹಾದಿ ತಾಗುವ ಆ ಕಿರಿದಾದ ಸಂದಿಯಲ್ಲೇ ತೇವ ಸಿಕ್ಕಿಕೊಂಡು ಉಳಿಯುತ್ತದೆ, ಅಲ್ಲೇ ಉಕ್ಕು ತಿನ್ನಿಸಿಕೊಳ್ಳುತ್ತದೆ. ಉಗುರಿನ ತುದಿ ಆಡಿಸಿದರೆ ಒರಟು ಕೈಗೆ ಗೊತ್ತಾಗುತ್ತಿತ್ತು. ಹಾಗೆ ಕುಳಿ ಬಿದ್ದ ಮೇಲೆ ಯಾವ ದ್ರಾವಣವೂ ಯಾವ ಎಣ್ಣೆಯೂ ಅದನ್ನು ಸರಿಮಾಡುವುದಿಲ್ಲ, ಬೇರಿಂಗನ್ನು ಎಸೆಯಬೇಕು. ಓಡಿಸದ ದಿನಗಳಲ್ಲೂ ಚಕ್ರಗಳನ್ನು ಕೈಯಿಂದ ಒಮ್ಮೆ ತಿರುಗಿಸಿಡುವ ಅಭ್ಯಾಸವನ್ನು ಮಕ್ಕಳಿಗೆ ಹಿಡಿಸಿರುವುದು ಇದಕ್ಕಾಗಿಯೇ.

ಅಕ್ಕನ ಮನೆಯ ಕಥೆ ಬೇರೆ. ಅಲ್ಲಿ ಮಕ್ಕಳು ಓಡಿಸುವುದು ಸಿಮೆಂಟಿನ ಅಂಗಳದಲ್ಲಿ. ಅಡಿಕೆ ಒಣಗಲು ಹಾಕಿದ ತಿಂಗಳುಗಳಲ್ಲಿ ಅಂಗಳದ ಒಂದು ಅಂಚು ಮಾತ್ರ ಅವರದು. ಮುರಕಲ್ಲಿನ ಧೂಳು ನೋಡಲು ಹಿಟ್ಟಿನ ಹಾಗೆ ನುಣುಪು, ಅದರಲ್ಲಿರುವ ಕಬ್ಬಿಣದ ಆಕ್ಸೈಡಿನ ಕಣಗಳು ಮಾತ್ರ ಉಕ್ಕನ್ನು ಉಜ್ಜುವಷ್ಟು ಗಡುಸು. ಎಣ್ಣೆ ಹೆಚ್ಚಾಗಿ ಹೊರಗೆ ಜಿನುಗಿದ ಬೇರಿಂಗಿಗೆ ಆ ಧೂಳು ಅಂಟಿದರೆ ಸಾಣೆಯ ಮಸಿ ತಯಾರಾಯಿತೆಂದೇ ಲೆಕ್ಕ. ಇನ್ನೊಂದು ಕಾಟ ಅಡಿಕೆ ಸಿಪ್ಪೆಯ ನಾರು. ಅದು ಚಕ್ರ ಮತ್ತು ವಾಷರಿನ ನಡುವೆ ಆಕ್ಸಲಿಗೆ ಸುತ್ತಿಕೊಂಡು, ಒಳ್ಳೆಯ ಬೇರಿಂಗಿದ್ದರೂ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ತೊಳೆಯುವ ಮೊದಲು ಅದನ್ನು ಚಿಮುಟದಿಂದ ತೆಗೆದು ನೋಡಿ. ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಬೇರಿಂಗ್ ತೆರೆಯದೆಯೇ ಸದ್ದಿನಿಂದ ಅರ್ಧ ತಿಳಿಯಬಹುದು. ಕೀಚಲು ದನಿಯಾದರೆ ಎಣ್ಣೆ ಆರಿದೆ. ಕರಕರ ಎಂದರೆ ಒಳಗೆ ಮರಳಿದೆ. ಗುಡುಗುಡು ಎಂದು ಕಾಲಿಗೆ ನಡುಕ ಬಂದರೆ ಹಾದಿಯಲ್ಲಿ ಕುಳಿ ಬಿದ್ದಿರಬಹುದು. ಅಕ್ಕನ ಕಿರಿಯ ಮಗಳು ಫೋನಿನಲ್ಲೇ, “ಚಿಕ್ಕಮ್ಮ, ಇವತ್ತು ಕರಕರ ಎನ್ನುತ್ತಿದೆ” ಎಂದು ಹೇಳುವಷ್ಟು ಪಳಗಿದ್ದಾಳೆ.

ದ್ರಾವಣದ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಬಾಟಲಿಯ ಜೊತೆ ಬರುವ, ಬಿಸಿನೀರಿಗೆ ಬೆರೆಸುವ ದ್ರಾವಣ ಜಿಡ್ಡನ್ನು ಚೆನ್ನಾಗಿಯೇ ಬಿಡಿಸುತ್ತದೆ. ಆದರೆ ಎಣ್ಣೆಯೆಲ್ಲ ಹೋದ ಬರಿ ಉಕ್ಕಿನ ಮೇಲೆ ನೀರು ಕೂತರೆ ನಮ್ಮ ಹವೆಯಲ್ಲಿ ಒಂದು ರಾತ್ರಿ ಸಾಕು, ಬೆಳಿಗ್ಗೆ ಕಿತ್ತಳೆ ಬಣ್ಣ ಬಂದಿರುತ್ತದೆ. ನಾನು ಬಳಸುವುದು ಮೊಬೈಲ್ ರಿಪೇರಿಯವರು ಬಳಸುವ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್. ಔಷಧದಂಗಡಿಯ 70 ಶೇಕಡಾದ್ದು ಬೇಡ, ಉಳಿದ 30 ನೀರೇ. ಸ್ಯಾನಿಟೈಸರಿನಲ್ಲಿ ಗ್ಲಿಸರಿನ್ ಇರುವುದರಿಂದ ಅದೂ ಬೇಡ. ಪೆಟ್ರೋಲ್ ಜಿಡ್ಡು ತೆಗೆಯುವುದರಲ್ಲಿ ಗಟ್ಟಿಗ, ಮನೆಯೊಳಗೆ ಅದನ್ನು ಕುಲುಕುವ ಅಪಾಯ ನನಗೆ ಒಪ್ಪಿತವಲ್ಲ. ಚಿಮಣಿ ಎಣ್ಣೆ ತನ್ನದೇ ಜಿಡ್ಡು ಉಳಿಸುತ್ತದೆ. ಥಿನ್ನರ್ ಹಾಕಿದರೆ ಬಾಟಲಿಯ ಮುಚ್ಚಳದ ರಬ್ಬರ್ ಉಂಗುರವೂ ಬೇರಿಂಗಿನ ಮುಚ್ಚಳವೂ ಉಬ್ಬುತ್ತವೆ.

ಒಂದು ಎಚ್ಚರಿಕೆಯನ್ನು ನಮ್ಮೂರಿನವರಿಗಾಗಿಯೇ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಒದ್ದೆಯಾದದ್ದನ್ನೆಲ್ಲ ಬಚ್ಚಲ ಒಲೆಯ ಹತ್ತಿರ ಒಣಗಲು ಇಡುವುದು ನಮ್ಮ ರೂಢಿ. ಆಲ್ಕೋಹಾಲಿನಲ್ಲಿ ತೊಳೆದ ಬೇರಿಂಗುಗಳನ್ನು, ಆ ಬಟ್ಟೆಯನ್ನು, ಬಾಟಲಿಯನ್ನು ಅಲ್ಲಿಗೆ ಒಯ್ಯಲೇಬೇಡಿ. ಅದರ ಆವಿ 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಫ್ಯಾನಿನ ಕೆಳಗೆ ಹಳೆಯ ಹತ್ತಿ ಪಂಚೆಯ ತುಂಡಿನ ಮೇಲೆ ಹರಡಿ, ಕಿಟಕಿ ತೆರೆದಿಟ್ಟರೆ ಬೇಗ ಆರುತ್ತದೆ. ವರ್ಕ್‌ಶಾಪಿನ ಗಾಳಿಯ ಪೈಪಿನಿಂದ ಊದಿ ಬೇರಿಂಗನ್ನು ಗಿರ್ರನೆ ತಿರುಗಿಸುವ ಚಪಲ ಮಕ್ಕಳಿಗಿರುತ್ತದೆ. ಎಣ್ಣೆಯಿಲ್ಲದೆ ಆ ವೇಗದಲ್ಲಿ ತಿರುಗಿದರೆ ಗುಂಡು, ಹಾದಿ ಎರಡೂ ಗೀಚಿಹೋಗುತ್ತವೆ. ಆರಿದ ಕೂಡಲೇ ಎಣ್ಣೆ ಹಾಕಬೇಕು, ನಾಳೆಗೆ ಇಡಬಾರದು.

ಎಣ್ಣೆ ಯಾವುದು? ಸ್ಕೇಟ್ ಕಂಪನಿಗಳ ತೆಳು ಎಣ್ಣೆ ಚೆನ್ನಾಗಿದೆ, ಮೊನಚಾದ ಮೂತಿಯ ಪುಟ್ಟ ಸೀಸೆಯಿಂದ ಬೇಕಾದಲ್ಲಿಗೇ ಹನಿ ಬೀಳುತ್ತದೆ. ಅದು ಮುಗಿದಾಗ ನಾನು ಹೊಲಿಗೆ ಯಂತ್ರದ ಎಣ್ಣೆಗೆ ಬದಲಾಯಿಸಿದೆ. ನಮ್ಮ ಪೇಟೆಯ ಟೈಲರ್ ಅದನ್ನು ಕೊಡುವಾಗ, “ಒಂದೆರಡು ಹನಿ ಸಾಕು ಅಕ್ಕ, ಹೆಚ್ಚಾದದ್ದು ಹೊರಗೆ ಬಂದು ಧೂಳು ಹಿಡಿಯುತ್ತದೆ” ಎಂದರು. ಬೇರಿಂಗಿಗೂ ಅದು ಸರಿಯಾಗಿ ಹೊಂದುತ್ತದೆ. ಓಡಿಸುವಾಗ ಎರಡು ಎಣ್ಣೆಗಳ ನಡುವೆ ವ್ಯತ್ಯಾಸ ನನ್ನ ಕಾಲಿಗೆ ತಿಳಿದಿಲ್ಲ. ತೆಂಗಿನೆಣ್ಣೆಯನ್ನು ಎಲ್ಲದಕ್ಕೂ ಹಚ್ಚುವ ಊರು ನಮ್ಮದು, ಬಾಗಿಲ ತಿರುಗಣೆಗೆ ಅದು ಆದೀತು. ಬೇರಿಂಗಿಗೆ ಬೇಡ. ಸುಮಾರು 24 ಡಿಗ್ರಿಯಲ್ಲಿ ಅದು ಹೆಪ್ಪುಗಟ್ಟುತ್ತದೆ, ಬರಬರುತ್ತಾ ಕಮಟಿ ಅಂಟಾಗುತ್ತದೆ. ಡಬ್ಲ್ಯೂಡಿ-40ರ ಮಾಮೂಲಿ ಸ್ಪ್ರೇಯನ್ನು ನೀರು ಓಡಿಸಲು, ತುಕ್ಕು ಹಿಡಿದ ನಟ್ ಸಡಿಲಿಸಲು ನಾನೂ ಇಟ್ಟುಕೊಂಡಿದ್ದೇನೆ. ನೀರನ್ನು ಹೊರದೂಡಲೆಂದೇ ಅದು ಹುಟ್ಟಿದ್ದು. ಬಹುಕಾಲ ನಿಲ್ಲುವ ಎಣ್ಣೆಯ ಪದರ ಬೇಕಾದಲ್ಲಿ ಅದರ ಮೇಲೆ ಭಾರ ಹಾಕಬಾರದು.

ಮಳೆಗಾಲಕ್ಕೆ ಗ್ರೀಸ್ ಎಂದೆ. ಗ್ರೀಸ್ ಹಚ್ಚಿದರೆ ಚಕ್ರ ಭಾರವಾಗುತ್ತದೆ, ಬೆರಳಿನಿಂದ ತಿರುಗಿಸಿದರೆ ಬೇಗ ನಿಲ್ಲುತ್ತದೆ ಎಂಬ ದೂರು ಕೇಳಿಬರುತ್ತದೆ. ಬೆರಳಿನಿಂದ ತಿರುಗಿಸಿದಾಗ ನಿಜ. ಆದರೆ ಲೆಕ್ಕ ಹಾಕಿ ನೋಡಿ. 54 ಮಿಲಿಮೀಟರ್ ಚಕ್ರ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 1500 ಸುತ್ತು ಸುತ್ತುತ್ತದೆ. 608 ಬೇರಿಂಗುಗಳು ಹತ್ತಾರು ಸಾವಿರ ಸುತ್ತಿಗೆ ತಯಾರಾದವು. ಮೈಭಾರ ಬಿದ್ದಾಗ ಗ್ರೀಸಿನ ತಡೆ ಲೆಕ್ಕಕ್ಕೇ ಬರುವುದಿಲ್ಲ, ರಸ್ತೆಯ ಒರಟು ಮತ್ತು ಚಕ್ರದ ಪಾಲಿಯುರೆಥೇನ್ ತಿನ್ನುವ ವೇಗವೇ ಹೆಚ್ಚು. ಗ್ರೀಸ್ ಎಂದರೆ ಎಣ್ಣೆಯೇ, ಅದನ್ನು ಲಿಥಿಯಮ್ಮಿನ ಸಾಬೂನು ಹಿಡಿದಿಟ್ಟು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ನೀರು, ಉಪ್ಪು ಒಳಗೆ ನುಸುಳದಂತೆ ಸಂದಿಯನ್ನೂ ಮುಚ್ಚುತ್ತದೆ. ತೆಳು ಎಣ್ಣೆ ಈ ಎರಡನೆಯ ಕೆಲಸ ಮಾಡಲಾರದು. ಒಳಗಿನ ಖಾಲಿ ಜಾಗದ ಮೂರರಲ್ಲಿ ಒಂದು ಪಾಲು ತುಂಬಿದರೆ ಸಾಕು, ಬೆರಳಿನಿಂದ ಗುಂಡುಗಳ ನಡುವೆ ಒತ್ತಿ, ಮುಚ್ಚಳ ಹಾಕಿ, ಹೊರಗೆ ಬಂದದ್ದನ್ನು ಒರೆಸಿ. ಗ್ರೀಸ್ ಹಚ್ಚಲು ಆರಂಭಿಸಿದ ಮೇಲೆ ಮಳೆಗಾಲದ ಕೊನೆಯಲ್ಲಿ ನನ್ನ ಬೇರಿಂಗುಗಳಲ್ಲಿ ಆ ಕಂದು ಚುಕ್ಕೆಗಳು ಕಂಡಿಲ್ಲ. ಈ ವಿಮರ್ಶೆಯಲ್ಲಿ ಒಂದೇ ಸಾಲು ನೆನಪಿಡುವುದಾದರೆ ಅದನ್ನೇ ಇಟ್ಟುಕೊಳ್ಳಿ.

ಬಾಟಲಿಯ ಕೊರತೆಗಳೂ ಇವೆ. ಕಡ್ಡಿಯ ತುದಿಯ ಪ್ಲಾಸ್ಟಿಕ್ ನಟ್ಟಿನ ಸುತ್ತು ಸವೆದು ಈಗ ಬಿಗಿಯಾಗಿ ಕೂರುವುದಿಲ್ಲ, ಕುಲುಕುವಾಗ ಬೇರಿಂಗುಗಳು ಸಡಿಲಾಗುತ್ತವೆ. ಸದ್ಯ ಒಂದು ರಬ್ಬರ್ ಉಂಗುರ ಸಿಕ್ಕಿಸಿ ನಡೆಸುತ್ತಿದ್ದೇನೆ. ಮುಚ್ಚಳದ ವಾಷರ್ ಬಿಡಿಯಾಗಿ ಸಿಗುವುದಿಲ್ಲ. ನಲ್ಲಿ ರಿಪೇರಿಯ ಸಾಮಾನು ಮಾರುವ ಅಂಗಡಿಯಲ್ಲಿ ಹೊಂದುವ ಅಳತೆಯದು ಸಿಕ್ಕಿತು. ಬಾಟಲಿಯ ಪ್ಲಾಸ್ಟಿಕ್ ಅಷ್ಟು ದಿನ ಆಲ್ಕೋಹಾಲ್ ತುಂಬಿಟ್ಟರೂ ಬಿರುಕು ಬಿಟ್ಟಿಲ್ಲ, ಅದನ್ನು ಮೆಚ್ಚಲೇಬೇಕು. ಬಳಸಿದ ದ್ರಾವಣವನ್ನು ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ಒಂದು ದಿನ ಬಿಟ್ಟರೆ ಕೊಳೆ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸುತ್ತೇನೆ. ತಳದ ಮಡ್ಡಿಯನ್ನು ಬಾವಿಯ ಹತ್ತಿರವಾಗಲಿ ತೋಟದ ಕಣಿಗಾಗಲಿ ಸುರಿಯಬೇಡಿ. ನಾನು ಮರದ ಹುಡಿಯಲ್ಲಿ ಹೀರಿಸಿ ವರ್ಕ್‌ಶಾಪಿನವರ ಹಳೆ ಎಣ್ಣೆಯ ಡಬ್ಬಿಗೆ ಕೊಡುತ್ತೇನೆ.

ಮತ್ತೆ ಜೋಡಿಸುವಾಗ ಚಕ್ರದೊಳಗೆ ಎರಡು ಬೇರಿಂಗುಗಳ ನಡುವೆ ಕೂರುವ ಸ್ಪೇಸರ್ ಮರೆಯಬೇಡಿ, ಪಕ್ಕದ ಹೊಡೆತದಿಂದ ಬೇರಿಂಗ್ ಉಳಿಯುವುದು ಅದರಿಂದ. 13 ಮಿಲಿಮೀಟರಿನ ಸ್ಪ್ಯಾನರಿನಿಂದ ನಟ್ ಬಿಗಿದು, ಚಕ್ರ ಕೂದಲೆಳೆಯಷ್ಟು ಅಲುಗುವಂತೆ ಹಿಂದಕ್ಕೆ ಬಿಡಿ. ಕೊಳ್ಳುವವರು ಡಬ್ಬಿ ತೆರೆದ ದಿನವೇ ಕಡ್ಡಿಗೆ ಪೋಣಿಸುವ ಸ್ಪೇಸರುಗಳು ಏಳೂ ಇವೆಯೇ ಎಂದು ಎಣಿಸಿಕೊಳ್ಳಿ. ಒಂದು ಕಡಿಮೆಯಿದ್ದರೂ ಎರಡು ಬೇರಿಂಗುಗಳು ಮೈಗೆ ಮೈ ಅಂಟಿ ನಿಂತು, ಆ ನಡುವೆ ದ್ರಾವಣ ಹೋಗುವುದಿಲ್ಲ.