ಮೋಟರ್ ಕಟ್ಟುವವನು ಐಐಟಿ ಪಾಠ ನೋಡಿದರೆ: ಎನ್‌ಪಿಟೆಲ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಎನ್‌ಪಿಟೆಲ್ ಪಾಠಗಳು ಬಿಟ್ಟಿ ಸಿಗುತ್ತವೆ, ಆದರೆ ಸುಲಭಕ್ಕೆ ದಕ್ಕುವುದಿಲ್ಲ. ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿದ್ದರೆ ಹೋಗಿ ನೋಡಿ, ತುಂಬಾ ಸಿಗುತ್ತದೆ. ಸುಮ್ನೆ ಏನಿದೆ ನೋಡೋಣ ಅಂತ ಹೋದರೆ ಹತ್ತು ನಿಮಿಷಕ್ಕೆ ಕಣ್ಣು ಎಳೆಯುತ್ತದೆ.

ನನ್ನದು ಚಿಂತಾಮಣಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಓದಿದ್ದು ಐಟಿಐ, ಕೆಲಸ ಕಲಿತದ್ದು ಇನ್ನೊಬ್ಬರ ಅಂಗಡಿಯಲ್ಲಿ. ಅಲ್ಲಿ ಕಲಿಸುವುದು ಹೀಗೆ: ಸುಟ್ಟ ಮೋಟರ್ ಬಿಚ್ಚು, ಹಳೇ ಕಾಯಿಲಿನ ಸುತ್ತು ಎಣಿಸು, ತಂತಿಯ ಗೇಜ್ ನೋಡು, ಯಾವ ಸ್ಲಾಟಿನಿಂದ (ತಂತಿ ಕೂರಿಸುವ ಸೀಳು) ಯಾವ ಸ್ಲಾಟಿಗೆ ಹೋಗಿದೆ ಅಂತ ಬರೆದುಕೋ, ಹಾಗೇ ಕಟ್ಟು. ಯಾಕೆ ಅಂತ ಕೇಳಬೇಡ. ಹೀಗೆ ಕಟ್ಟಿ ಸಂಸಾರ ಸಾಗಿಸಬಹುದು, ಎಷ್ಟೋ ಜನ ಸಾಗಿಸುತ್ತಿದ್ದಾರೆ. ಆದರೆ ನಮ್ಮ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿ ಕಾಲವಾಯಿತು. ಮೋಟರ್ ಎತ್ತಿಸಿ ಇಳಿಸುವುದಕ್ಕೇ ರೈತನ ಜೇಬು ಖಾಲಿ. ಹಾಗಾಗಿ ಅವನು ಅಂಗಡಿಗೆ ಬಂದವನೇ ಕೇಳುವ ಮೊದಲ ಮಾತು, 'ಏನಣ್ಣಾ, ಹೋದ ಸಲ ನೀನೇ ಅಲ್ವಾ ಕಟ್ಟಿದ್ದು, ಆಗಲೇ ಸುಟ್ಟೋಯ್ತಲ್ಲ, ತಂತಿ ಏನಾದ್ರೂ ಡೂಪ್ಲಿಕೇಟಾ?' ತಂತಿ ಸರಿಯಾಗಿಯೇ ಇತ್ತು. ಮತ್ತೆ ಯಾಕೆ ಸುಟ್ಟಿತು ಅಂತ ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕಲ್ಲ, ಅದಕ್ಕೇ ಈ ಪಾಠಗಳ ಕಡೆ ತಿರುಗಿದ್ದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ ಇದು. ಖರ್ಚು ಕೇಂದ್ರ ಸರ್ಕಾರದ್ದು. ಮೇಷ್ಟ್ರುಗಳ ಪಾಠವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ, ಯಾರು ಬೇಕಾದರೂ ನೋಡಬಹುದು. ಅಮೆರಿಕದ ಎಂಐಟಿ ತನ್ನ ಪಾಠಗಳನ್ನೆಲ್ಲ ಬಿಟ್ಟಿಯಾಗಿ ಹಾಕುತ್ತೇನೆ ಅಂತ ಹೇಳಿದ್ದು 2001ರಲ್ಲಿ. ಅಂದರೆ ನಮ್ಮವರೇನೂ ಬಹಳ ಹಿಂದೆ ಬಿದ್ದಿರಲಿಲ್ಲ.

ಎಲೆಕ್ಟ್ರಿಕಲ್ ಮೆಷಿನ್ಸ್ ಅಂತ ಹುಡುಕಿದರೆ ಒಂದಲ್ಲ, ಹಲವು ಐಐಟಿಗಳ ಪಾಠ ಬರುತ್ತವೆ. ಖರಗ್‌ಪುರದ್ದು, ದೆಹಲಿಯದ್ದು, ಮದ್ರಾಸಿನದ್ದು. ಇದು ನನಗೆ ಬಹಳ ಹಿಡಿಸಿತು. ಒಬ್ಬರು ಹೇಳಿದ್ದು ತಲೆಗೆ ಹೋಗದಿದ್ದರೆ ಅದೇ ವಿಷಯವನ್ನು ಇನ್ನೊಬ್ಬರ ಬಾಯಲ್ಲಿ ಕೇಳಬಹುದು. ಕಾಲೇಜಿನಲ್ಲಿ ಹೀಗೆ ಮೇಷ್ಟ್ರನ್ನು ಬದಲಾಯಿಸೋಕಾಗುತ್ತಾ?

ಸಿಕ್ಕಿದ್ದೇನು ಅಂತ ಹೇಳುತ್ತೇನೆ. ನಮ್ಮ ಬೋರ್‌ವೆಲ್ ಮೋಟರಿನ ನೇಮ್‌ಪ್ಲೇಟಿನಲ್ಲಿ 2880 ಆರ್‌ಪಿಎಂ ಅಂತಲೋ 2850 ಅಂತಲೋ ಇರುತ್ತದೆ. ಎರಡು ಪೋಲ್, 50 ಹರ್ಟ್ಸ್, ಲೆಕ್ಕಕ್ಕೆ 3000 ಬರಬೇಕು. ಉಳಿದ ನೂರಿಪ್ಪತ್ತೋ ನೂರೈವತ್ತೋ ಎಲ್ಲಿ ಹೋಯಿತು? ಸ್ಟೇಟರ್, ಅಂದರೆ ಮೋಟರಿನ ಅಲುಗಾಡದ ಹೊರಭಾಗ, ಅದರ ಒಳಗೆ ಕಾಂತಕ್ಷೇತ್ರ 3000ದಲ್ಲೇ ಸುತ್ತುತ್ತದೆ. ಒಳಗೆ ತಿರುಗುವ ಭಾಗ, ಅಂದರೆ ರೋಟರ್, ಸ್ವಲ್ಪ ಹಿಂದೆ ಉಳಿದರೇನೇ ಅದರ ಬಾರ್‌ಗಳಲ್ಲಿ ಕರೆಂಟ್ ಹುಟ್ಟುವುದು, ಕರೆಂಟ್ ಹುಟ್ಟಿದರೇನೇ ಎಳೆತ. ಸಮಸಮ ಓಡಿದರೆ ಎಳೆತವೇ ಇಲ್ಲ. ಆ ಹಿಂದೆ ಬೀಳುವುದಕ್ಕೆ ಸ್ಲಿಪ್ ಅನ್ನುತ್ತಾರೆ. ಇಷ್ಟನ್ನು ಐಟಿಐಯಲ್ಲೂ ಹೇಳಿರುತ್ತಾರೆ, ಆದರೆ ಅದು ಪರೀಕ್ಷೆಗೆ ಬರೆಯುವ ಎರಡು ಮಾರ್ಕಿನ ಸಾಲು. ಇಲ್ಲಿ ಮೇಷ್ಟ್ರು ಅದೊಂದರಿಂದಲೇ ಮೋಟರಿನ ಇಡೀ ಜಾತಕ ಬಿಡಿಸುತ್ತಾರೆ. ವೋಲ್ಟೇಜ್ ಬಿದ್ದರೆ ಏನಾಗುತ್ತದೆ ಅನ್ನುವುದನ್ನೇ ನೋಡಿ. ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 415 ಬರಬೇಕಾದ ಕಡೆ 340 ಬಂದರೆ ಮೋಟರಿನ ತಾಕತ್ತು ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಆಗಿಬಿಡುತ್ತದೆ. ಆದರೆ ಮೇಲೆತ್ತಬೇಕಾದ ನೀರು ಅಷ್ಟೇ ಇದೆ, ಆಳ ಅಷ್ಟೇ ಇದೆ. ಆಗ ರೋಟರ್ ಇನ್ನಷ್ಟು ಹಿಂದೆ ಬೀಳುತ್ತದೆ, ಸ್ಲಿಪ್ ಜಾಸ್ತಿ, ಕರೆಂಟ್ ಜಾಸ್ತಿ, ಬಿಸಿ ಜಾಸ್ತಿ. ಕೊನೆಗೆ ನನ್ನ ಅಂಗಡಿ. ಮೂರು ಫೇಸಿನಲ್ಲಿ ಒಂದು ಹೋದರಂತೂ, ಲೋಡ್ ಅಷ್ಟೇ ಇದ್ದರೆ, ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.73 ಪಟ್ಟು. ಪ್ಯಾನಲ್ ಬೋರ್ಡಿನಲ್ಲಿ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಹಾಕಿಸಿ ಅಂತ ನಾವು ಬಾಯಿಪಾಠದ ಹಾಗೆ ಹೇಳುತ್ತಲೇ ಇರುತ್ತೇವೆ, ರೈತರು ನಗುತ್ತಲೇ ಇರುತ್ತಾರೆ. ಈಗ ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸುತ್ತೇನೆ. ಕೆಲವರು ಹಾಕಿಸಿದ್ದಾರೆ ಕೂಡ.

ಇನ್ನೊಂದು, ಇದು ನಮ್ಮ ಕಸುಬಿನವರಿಗೆ ಮಾತ್ರ ರುಚಿಸುವ ವಿಷಯ. 24 ಸ್ಲಾಟಿನ ಎರಡು ಪೋಲ್ ಮೋಟರಿನಲ್ಲಿ ಕಾಯಿಲಿನ ಒಂದು ಬದಿ 1ರಲ್ಲಿದ್ದರೆ ಇನ್ನೊಂದು ಬದಿ ನಿಯಮದ ಪ್ರಕಾರ 13ಕ್ಕೆ ಬರಬೇಕು. ಆದರೆ ಎಷ್ಟೋ ಮೋಟರಿನಲ್ಲಿ 11ಕ್ಕೇ ನಿಲ್ಲಿಸಿರುತ್ತಾರೆ. ತಂತಿ ಉಳಿಸೋಕೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಸುಳ್ಳಲ್ಲ, ಹೊರಗೆ ಚಾಚಿದ ತಂತಿ ಕಡಿಮೆಯಾಗುತ್ತದೆ. ಆದರೆ ಅರ್ಧ ಸತ್ಯ. ಹಾಗೆ ಹನ್ನೆರಡು ಸ್ಲಾಟಿನ ಹರವನ್ನು ಹತ್ತಕ್ಕೆ, ಅಂದರೆ ಆರರಲ್ಲಿ ಐದು ಪಾಲಿಗೆ ಇಳಿಸಿದರೆ ಐದನೇ ಮತ್ತು ಏಳನೇ ಹಾರ್ಮೋನಿಕ್ (ಅಸಲಿ ಅಲೆಯ ಮೇಲೆ ಕೂರುವ, ಅದರ ಐದು ಪಟ್ಟು, ಏಳು ಪಟ್ಟು ಕಂಪನದ ಪುಟ್ಟ ಅಲೆಗಳು) ಎರಡೂ ಕಾಲು ಭಾಗದಷ್ಟಕ್ಕೆ ಇಳಿಯುತ್ತವೆ, ಅಸಲಿ ವೋಲ್ಟೇಜ್ ಮಾತ್ರ ನೂರಕ್ಕೆ ಮೂರು ನಾಲ್ಕರಷ್ಟೇ ಕಡಿಮೆ. ಮೋಟರ್ ಗೊರಗೊರ ಅನ್ನದೆ ನುಣ್ಣಗೆ ಓಡುವುದಕ್ಕೆ ಇದೂ ಒಂದು ಕಾರಣ. ಇದನ್ನು ಒಬ್ಬ ಮೇಷ್ಟ್ರು ಸೈನ್ ಅಲೆ ಬರೆದು, ಅದರ ಮೇಲೆ ಪುಟ್ಟ ಅಲೆಗಳನ್ನು ಕೂರಿಸಿ, ಕಾಯಿಲನ್ನು ಸ್ವಲ್ಪ ಸರಿಸಿ ತೋರಿಸಿದಾಗ ಅಂಗಡಿಯ ಹುಡುಗನಿಗೂ ಕರೆದು ತೋರಿಸಿದೆ. ಅವನು 'ಅಣ್ಣಾ, ಹಂಗಾದ್ರೆ 10ಕ್ಕೆ ನಿಲ್ಸಿದ್ರೆ ಇನ್ನೂ ಒಳ್ಳೇದಾ?' ಅಂದ. ಒಳ್ಳೇ ಪ್ರಶ್ನೆ. ಐದನೆಯದಕ್ಕೂ ಏಳನೆಯದಕ್ಕೂ ಅದು ಒಳ್ಳೇದಲ್ಲ, ಎರಡೂ ಮತ್ತೆ ಏರುತ್ತವೆ. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಇನ್ನು ಕೊರತೆ. ಮೊದಲನೆಯದು ಲೆಕ್ಕ. ಈ ಪಾಠಗಳು ಬಿಇ ಹುಡುಗರಿಗೆ ಮಾಡಿದ್ದು. ಕಾಂಪ್ಲೆಕ್ಸ್ ನಂಬರು, ಫೇಸರ್ ಚಿತ್ರ ಇವೆಲ್ಲ ನಿಮಗೆ ಬರುತ್ತದೆ ಅಂತ ಹಿಡಿದುಕೊಂಡೇ ಶುರು ಮಾಡುತ್ತಾರೆ. ನನ್ನಂಥವರು ಪಕ್ಕದಲ್ಲಿ ಪಿಯುಸಿ ಪುಸ್ತಕ ಇಟ್ಟುಕೊಳ್ಳಬೇಕು. ಎರಡನೆಯದು, ಮೇಷ್ಟ್ರ ಮೋಟರ್ ಪ್ರಯೋಗಾಲಯದ ಮೇಜಿನ ಮೇಲೆ ಇರುತ್ತದೆ. ನಮ್ಮದು ಸಾವಿರ ಅಡಿ ಕೆಳಗೆ, ನೀರಿನಲ್ಲಿ ಮುಳುಗಿ, ಅಷ್ಟುದ್ದದ ಕೇಬಲ್ ತುದಿಯಲ್ಲಿ ನೇತಾಡುತ್ತಿರುತ್ತದೆ. ಸ್ಟಾರ್ಟರಿನ ಹತ್ತಿರ ಮೀಟರು ತೋರಿಸುವ ವೋಲ್ಟೇಜ್ ಕೆಳಗೆ ಮೋಟರಿಗೆ ಸಿಗುವುದಿಲ್ಲ, ಕೇಬಲ್ ಅರ್ಧ ನುಂಗಿರುತ್ತದೆ ಅಂತ ಹೇಳಿದರೆ ಜಾಸ್ತಿಯಾಯಿತು, ಆದರೆ ತೆಳ್ಳಗಿನ ಕೇಬಲ್ ಹಾಕಿದ್ದರೆ ಒಳ್ಳೇ ಪಾಲನ್ನೇ ನುಂಗಿರುತ್ತದೆ. ಇದರ ಬಗ್ಗೆ ನಾನು ನೋಡಿದ ಪಾಠಗಳಲ್ಲಿ ಒಂದು ಮಾತೂ ಇರಲಿಲ್ಲ. ಮುಳುಗಿಸುವ ಮೋಟರಿಗೆ ವಾರ್ನಿಷ್ ಬದಲು ಪ್ಲಾಸ್ಟಿಕ್ ಹೊದಿಕೆಯ ತಂತಿ ಯಾಕೆ ಅನ್ನುವುದೂ ಇಲ್ಲ. ಅದು ಅವರ ಸಿಲಬಸ್ಸಿನಲ್ಲಿಲ್ಲ, ತಪ್ಪು ಅನ್ನಲಾರೆ. ಆದರೆ ದೇಶದಲ್ಲಿ ಇಷ್ಟೊಂದು ಬೋರ್‌ವೆಲ್ ಇರುವಾಗ ಯಾರಾದರೊಬ್ಬರು ಇದನ್ನೇ ಎಂಟು ಪಾಠ ಮಾಡಬಹುದಿತ್ತು ಅಲ್ವಾ?

ಮೂರನೆಯದು ಭಾಷೆ. ಪಾಠ ಇಂಗ್ಲಿಷಿನಲ್ಲಿ. ಕೆಲವು ಕೋರ್ಸುಗಳಿಗೆ ಪಾಠದ ಮಾತನ್ನು ಕನ್ನಡ ಸೇರಿ ಹಲವು ಭಾಷೆಗೆ ತಂದು ಪಿಡಿಎಫ್ ಹಾಕಿದ್ದಾರೆ. ಪ್ರಯತ್ನಕ್ಕೆ ಕೈ ಮುಗಿಯಬೇಕು. ಆದರೆ ಮೇಷ್ಟ್ರು ಬೋರ್ಡಿಗೆ ಕೈ ತೋರಿಸಿ 'ಇದು ಇಲ್ಲಿಗೆ ಬಂತು ನೋಡಿ' ಅಂದಿರುತ್ತಾರೆ, ಕಾಗದದ ಮೇಲೆ 'ಇದು' ಯಾವುದು, 'ಇಲ್ಲಿ' ಎಲ್ಲಿ? ವಿಡಿಯೋ ಓಡಿಸಿಕೊಂಡೇ ಓದಬೇಕು. ನನ್ನ ಉಪಾಯ ಬೇರೆ. ವೇಗವನ್ನು 0.75ಕ್ಕೆ ಇಳಿಸಿ, ಇಂಗ್ಲಿಷ್ ಅಕ್ಷರ ಕೆಳಗೆ ಬರುವ ಹಾಗೆ ಮಾಡಿಕೊಂಡು ನೋಡುತ್ತೇನೆ. ಇಂಗ್ಲಿಷ್ ಕೇಳಿದರೆ ಅರ್ಧ, ಓದಿದರೆ ಮುಕ್ಕಾಲು, ಎರಡೂ ಮಾಡಿದರೆ ಪೂರ್ತಿ.

ಸರ್ಟಿಫಿಕೇಟಿನ ವಿಷಯ ಬೇಗ ಮುಗಿಸುತ್ತೇನೆ. ನೋಡುವುದಕ್ಕೆ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲಿನಲ್ಲಿ ಹೆಸರು ಬರೆಸುವುದಕ್ಕೆ ಕಾಸಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ವಾರ ವಾರ ಅಸೈನ್‌ಮೆಂಟ್ ಮಾಡಿ, ಕೊನೆಗೆ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಕೂತು ಬರೆಯಬೇಕು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಬಿಇ ಮಕ್ಕಳಿಗೆ ಇದರಿಂದ ಕ್ರೆಡಿಟ್ ಸಿಗುತ್ತದೆ, ಅವರಿಗೆ ಬೇಕು. ನಮಗೆ ಯಾಕೆ? ಯಾವ ರೈತನೂ ಸರ್ಟಿಫಿಕೇಟ್ ನೋಡಿ ಮೋಟರ್ ಕೊಡುವುದಿಲ್ಲ. ಆದರೆ ಅಸೈನ್‌ಮೆಂಟ್ ಮಾತ್ರ ಬಿಡಬೇಡಿ, ಅರ್ಥವಾಯಿತು ಅಂದುಕೊಂಡದ್ದು ಎಷ್ಟು ಆಗಿದೆ ಅಂತ ಅಲ್ಲೇ ಗೊತ್ತಾಗುವುದು. ಮನೆಯಲ್ಲಿ ನೆಟ್ ಸಾಲದವರಿಗೆ ಸ್ವಯಂ ಪ್ರಭ ಅಂತ ಬಿಟ್ಟಿ ಟಿವಿ ಚಾನೆಲ್‌ಗಳೂ ಇವೆ. ಆದರೆ ಟಿವಿಯಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗೋಕಾಗಲ್ಲ. ನನಗೆ ಅದೇ ಮುಖ್ಯ.

ಪಾಠ ಬೇರೆ, ಸಂಶೋಧನೆ ಮಾಡುವವರು ಜನರಿಗೆ ಕೊಡುವ ಉಪನ್ಯಾಸ ಬೇರೆ. ಎರಡನೆಯದು ಬೇಕಾದವರು ಬೆಂಗಳೂರಿನ ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ಚಾನೆಲ್ ನೋಡಿ. ಕಾಪಿ ವಿತ್ ಕ್ಯೂರಿಯಾಸಿಟಿ ಅಂತ ಸಾರ್ವಜನಿಕರಿಗೆ ಉಪನ್ಯಾಸ ಮಾಡಿಸಿ ರೆಕಾರ್ಡ್ ಹಾಕುತ್ತಾರೆ. ದನಿ ಸ್ಪಷ್ಟ, ಸ್ಲೈಡ್ ಕಾಣುತ್ತದೆ, ಕೊನೆಯಲ್ಲಿ ಸಭಿಕರು ಕೇಳುವ ಪ್ರಶ್ನೆಯನ್ನೂ ಕತ್ತರಿಸದೆ ಬಿಟ್ಟಿರುತ್ತಾರೆ. ನನ್ನ ಪ್ರಕಾರ ಉಪನ್ಯಾಸದಲ್ಲಿ ಅರ್ಧ ಬೆಲೆ ಇರುವುದೇ ಆ ಪ್ರಶ್ನೆಗಳಿಗೆ.

ಇದಕ್ಕೆ ಉಲ್ಟಾ ಒಂದು ವಿಶ್ವವಿದ್ಯಾಲಯದ ಚಾನೆಲ್. ಹೆಸರು ಬೇಡ. ಒಂದು ಗಂಟೆಯ ವಿಡಿಯೋ ಅಂತ ಆಸೆಯಿಂದ ತೆಗೆದರೆ ನಾಡಗೀತೆ, ದೀಪ ಬೆಳಗುವುದು, ಸ್ವಾಗತ, ವೇದಿಕೆ ಮೇಲಿದ್ದವರಿಗೆಲ್ಲ ಶಾಲು ಹಾರ, ಅಧ್ಯಕ್ಷರ ನಾಲ್ಕು ಮಾತು ಅಂತ ಹದಿನಾಲ್ಕು ಮಾತು. ಮುಖ್ಯ ಉಪನ್ಯಾಸ ಶುರುವಾಗುವ ಹೊತ್ತಿಗೆ ಉಳಿದದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮೈಕ್ ಕುಂಯ್ ಅಂತು, ಕ್ಯಾಮರಾ ಹಿಡಿದವನು ಪರದೆ ಬಿಟ್ಟು ಮುಂದಿನ ಸಾಲಿನ ಗಣ್ಯರ ಕಡೆ ತಿರುಗಿಸಿದ. ಕೆರೆ ನೀರಿನ ಮೇಲೆ ಮಾಡಿದ ಸಂಶೋಧನೆ, ನಮ್ಮ ಜಿಲ್ಲೆಗೆ ಬೇಕಾದದ್ದೇ, ಒಂದು ಗ್ರಾಫೂ ಕಾಣಲಿಲ್ಲ. ದೊಡ್ಡ ಸ್ಟುಡಿಯೋ ಏನೂ ಬೇಡ ಸ್ವಾಮಿ, ಕಾಲರಿಗೆ ಸಿಕ್ಕಿಸುವ ಮೈಕ್ ಒಂದು, ಸ್ಟ್ಯಾಂಡಿನ ಮೇಲೆ ಫೋನ್ ಒಂದು, ಹಾರ ತುರಾಯಿ ಕತ್ತರಿಸುವ ಧೈರ್ಯ ಒಂದು.

ವಿಜ್ಞಾನಿಗಳನ್ನು ಜನರ ಮುಂದೆ ಮಾತಾಡಿಸುವುದು ನಮ್ಮ ಕಡೆಗೇನು ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯನವರು. ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಬುಧವಾರ ವಿಜ್ಞಾನಿಗಳನ್ನು ಕರೆಸಿ ಜನರ ಮುಂದೆ ನಿಲ್ಲಿಸಿದರು. ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೆ ಬುಧವಾರ ಸಂಜೆ ಚಿಂತಾಮಣಿಯಿಂದ ಬಸವನಗುಡಿಗೆ ಹೋಗಿಬರುವವರು ಯಾರು? ರೆಕಾರ್ಡಿಂಗ್ ಬೇಕಾಗುವುದು ಅದಕ್ಕೇ. ಹೇಳೋಕೆ ವಿಜ್ಞಾನವೂ ನಮ್ಮ ಕಡೆಯೇ ನಡೆದಿದೆ. ಅದೇ ಗೌರಿಬಿದನೂರಿನ ಹತ್ತಿರ ಟಿ ಆಕಾರದಲ್ಲಿ ಸಾವಿರ ಆಂಟೆನಾ ನೆಟ್ಟು 34.5 ಮೆಗಾಹರ್ಟ್ಸಿನಲ್ಲಿ ಆಕಾಶ ಆಲಿಸಿದ ರೇಡಿಯೋ ದೂರದರ್ಶಕ ಇದೆ. ಕೋಲಾರ ಚಿನ್ನದ ಗಣಿಯಲ್ಲಿ 2 ಕಿಲೋಮೀಟರಿಗೂ ಆಳದಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳನ್ನು ಹಿಡಿದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಜೊತೆ ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಕೆಲಸ. ಜಗತ್ತಿನಲ್ಲೇ ಮೊದಲ ಸಾಲಿನದು. ನಮ್ಮ ಮಣ್ಣಿನ ಕೆಳಗೆ ನಡೆದದ್ದನ್ನು ನಾನು ಕೇಳಿದ್ದು ಇಂಗ್ಲಿಷ್ ಉಪನ್ಯಾಸದಲ್ಲಿ. ಇದಕ್ಕೆ ಬೇಜಾರಿದೆ.

ಕನ್ನಡದಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಸಾಲದು. ನಮ್ಮ ಊರ ಪಕ್ಕ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಅಲ್ಲಿನವರು ರೈತರ ಜೊತೆ ಮಾತಾಡುವಾಗ ಅಚ್ಚ ನಮ್ಮ ಮಾತೇ ಬರುತ್ತದೆ, ನಡುವೆ ತೆಲುಗೂ ಬರುತ್ತದೆ, ಹುಳ ಯಾಕೆ ಸಾಯುತ್ತೆ ಸಾರ್ ಅಂದರೆ ಹತ್ತು ನಿಮಿಷದಲ್ಲಿ ಬಿಡಿಸಿ ಹೇಳುತ್ತಾರೆ. ಇಂಗ್ಲಿಷ್ ಪಾಠವನ್ನು ಕನ್ನಡಕ್ಕೆ ತರುವ ಖರ್ಚಿನಲ್ಲಿ ಇಂಥ ಹತ್ತು ನಿಮಿಷಗಳನ್ನು ಎಷ್ಟು ರೆಕಾರ್ಡ್ ಮಾಡಬಹುದು!

ಶುರು ಮಾಡುವವರಿಗೆ ಒಂದು ಕಿವಿಮಾತು. ಟ್ರಾನ್ಸ್‌ಫಾರ್ಮರ್ ಪಾಠ ಹಾರಿಸಿ ನೇರವಾಗಿ ಮೋಟರಿಗೆ ಹೋಗಬೇಡಿ. ಇಂಡಕ್ಷನ್ ಮೋಟರನ್ನು ಮೇಷ್ಟ್ರುಗಳು ಸುತ್ತುವ ಟ್ರಾನ್ಸ್‌ಫಾರ್ಮರ್ ಅಂತಲೇ ವಿವರಿಸುವುದು, ಅದು ಗೊತ್ತಿಲ್ಲದಿದ್ದರೆ ಸರ್ಕ್ಯೂಟ್ ಚಿತ್ರ ಬಂದ ಕೂಡಲೇ ದಾರಿ ತಪ್ಪುತ್ತದೆ. ಹಳೇ ಕೋರ್ಸಿನ ಪಾಠ ಒಂದೊಂದು ಗಂಟೆಯದು, ಹೊಸವು ಅರ್ಧ ಗಂಟೆ ಆಸುಪಾಸು, ಹೊಸದರಿಂದ ಶುರು ಮಾಡಿ. ಹೆಡ್‌ಫೋನ್ ಹಾಕಿ. ಮಧ್ಯಾಹ್ನ ಅಂಗಡಿಯಲ್ಲಿ ನೋಡುವುದಾದರೆ ಫೋನ್ ಸೈಲೆಂಟ್ ಮಾಡಬೇಡಿ, ಗಿರಾಕಿ ಕಾಲ್ ತಪ್ಪಿದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ.