ಎಲೆಯ ಚಿತ್ರಕ್ಕೆ ಜಲವರ್ಣವೋ, ಸಯನೋಟೈಪೋ?

ಎಲೆಯ ನಿಜವಾದ ಬಣ್ಣ, ಮೊಗ್ಗಿನಿಂದ ಕಾಯಿಯವರೆಗಿನ ಹಂತಗಳು ಒಂದೇ ಹಾಳೆಯಲ್ಲಿ ಬೇಕಿದ್ದರೆ, ಪ್ರಭೇದವನ್ನು ಗುರುತಿಸಲು ಚಿತ್ರ ನೆರವಾಗಬೇಕಿದ್ದರೆ ಜಲವರ್ಣವನ್ನೇ ಹಿಡಿಯಿರಿ. ಕೈ ಪಳಗಲು ಮಾತ್ರ ಬಹಳ ಕಾಲ ಬೇಕು.

ಸಯನೋಟೈಪ್ ಎಂದರೆ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಅಚ್ಚು ಮೂಡಿಸುವ ವಿಧಾನ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ ಇದಕ್ಕೆ ಚಿತ್ರ ಬರೆಯಲು ಬರಬೇಕೆಂದಿಲ್ಲ. ಕಬ್ಬಿಣದ ಲವಣಗಳ ದ್ರಾವಣ ಸವರಿ ಕತ್ತಲಲ್ಲಿ ಒಣಗಿಸಿದ ಕಾಗದದ ಮೇಲೆ ಜರೀಗಿಡದ ಎಲೆಯಿಟ್ಟು, ಗಾಜು ಹೊದಿಸಿ ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆದರೆ ಕಡುನೀಲಿಯ ನಡುವೆ ಬಿಳಿ ಆಕೃತಿ ಮೂಡುತ್ತದೆ. ಆ ಗಳಿಗೆ ನನಗೆ ಇಂದಿಗೂ ಬೆರಗು. ದಪ್ಪ ಎಲೆಯಾದರೆ ಅಂಚಷ್ಟೇ ಸಿಗುತ್ತದೆ, ನರಗಳು ಕಾಣುವುದಿಲ್ಲ. ಮಕ್ಕಳೊಂದಿಗೆ ಮಾಡುವುದಾದರೆ ನನ್ನ ಆಯ್ಕೆ ಇದೇ. ರಾಸಾಯನಿಕವನ್ನು ಮಾತ್ರ ದೊಡ್ಡವರೇ ಸವರಲಿ.

ಬಾಳಿಕೆಯಲ್ಲಿ ಜಲವರ್ಣ ಆಯ್ದ ಬಣ್ಣವನ್ನು ಅವಲಂಬಿಸಿದೆ: ಅಲಿಜರಿನ್ ಕೆಂಪು ಬೆಳಕಿಗೆ ಬೇಗ ಮಾಸುತ್ತದೆ. ಬೆಳಕಿಗೆ ಮಾಸಿದ ಸಯನೋಟೈಪನ್ನು ಕತ್ತಲಲ್ಲಿಟ್ಟರೆ ನೀಲಿ ಬಹುಮಟ್ಟಿಗೆ ಮರಳುತ್ತದೆ. ಕ್ಷಾರ ತಾಗಬಾರದು, ಅಷ್ಟೇ.